ಬಿಳಿ ಹಿಂಡಿನ ನಡುವೆ ಕಪ್ಪು ಹೆಬ್ಬಾತು: ಮಿಶ್ರತಳಿಯಲ್ಲ ಮಾರಾಯ್ರೆ!

ಪ್ರಶ್ನೆ: ಸ್ನೋ ಗೂಸ್ (ಉತ್ತರ ಅಮೆರಿಕದ ಹಿಮ ಹೆಬ್ಬಾತು) ಹಿಂಡಿನಲ್ಲಿ ಒಂದು ಹಕ್ಕಿ ಮಾತ್ರ ಬೇರೆ ಥರ ಇತ್ತು. ತಲೆ ಬಿಳಿ, ಮೈಯೆಲ್ಲ ಕಪ್ಪು ಬೂದು. ಒಬ್ಬರು ಮಿಶ್ರತಳಿ ಅಂದರು, ಇನ್ನೊಬ್ಬರು ಮಾಲಿನ್ಯದಿಂದ ಬಣ್ಣ ಕೆಟ್ಟಿದೆ ಅಂದರು. ಯಾವುದು ನಿಜ? ಇದು ಅಪರೂಪದ ಹಕ್ಕಿಯಾ?

ಎರಡೂ ಅಲ್ಲ. ಚಳಿಗಾಲ ಶುರುವಾದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಫೋಟೋ ಬೇರೆ, ಹಕ್ಕಿ ಅದೇ. ಅದೂ ಸ್ನೋ ಗೂಸೇ. ಈ ಹೆಬ್ಬಾತಿನಲ್ಲಿ ಹುಟ್ಟಿನಿಂದಲೇ ಎರಡು ಬಣ್ಣಗಳಿವೆ: ಬಿಳಿ ಮತ್ತು ನೀಲಿ. ನೀಲಿ ಅಂದರೆ ಆಕಾಶದ ನೀಲಿಯಲ್ಲ, ಸ್ಲೇಟಿನ ಬಣ್ಣ. ಮಾಲಿನ್ಯದ ಕಥೆ ಹೇಳಿದವರು ಯಾವುದೋ ವಿಡಿಯೋ ನೋಡಿರಬೇಕು, ಬಿಡಿ.

ಮಿಶ್ರತಳಿ ಅಂದವರನ್ನು ಮಾತ್ರ ಜಾಸ್ತಿ ಬೈಯುವಂತಿಲ್ಲ. ಬಲ್ಲವರೇ ಬಹಳ ಕಾಲ ಇವನ್ನು ಎರಡು ಜಾತಿ ಅಂತ ನಂಬಿದ್ದರು. ಜೀವಿಗಳಿಗೆ ವೈಜ್ಞಾನಿಕ ಹೆಸರಿಡುವ ಪದ್ಧತಿ ತಂದ ಲಿನೇಯಸ್ 1758ರಲ್ಲಿ ಹೆಸರಿಟ್ಟಿದ್ದು ನೀಲಿ ಹಕ್ಕಿಗೆ. ಹಾಗಾಗಿ ಹಿಮದ ಹೆಸರಿನ ಈ ಹಕ್ಕಿಗೆ ವಿಜ್ಞಾನದಲ್ಲಿ ಇವತ್ತಿಗೂ ‘ಸೆರುಲೆಸೆನ್ಸ್’ ಅನ್ನುತ್ತಾರೆ, ಅಂದರೆ ನೀಲಿ ಛಾಯೆಯದು. ನೀಲಿ ಹೆಬ್ಬಾತು ಎಲ್ಲಿ ಗೂಡು ಕಟ್ಟುತ್ತದೆ ಅಂತ ಕೆನಡಾದ ಪಕ್ಷಿತಜ್ಞ ಡ್ಯೂಯಿ ಸೋಪರ್ ವರ್ಷಗಟ್ಟಲೆ ಹುಡುಕಿದರು. ಕೊನೆಗೆ ಆ ಜಾಗ ಸಿಕ್ಕಿದ್ದು 1929ರಲ್ಲಿ, ಕೆನಡಾದ ಉತ್ತರ ತುದಿಯ ಕಡೆಯ ಬ್ಯಾಫಿನ್ ದ್ವೀಪದಲ್ಲಿ.

ಬಣ್ಣವನ್ನು ಮುಖ್ಯವಾಗಿ ತೀರ್ಮಾನಿಸುವುದು ಒಂದೇ ಒಂದು ಜೀನ್. ಅದರಲ್ಲಿ ನೀಲಿಯದೇ ಮೇಲುಗೈ. ಬಿಳಿ ಜೋಡಿಗೆ ಬಿಳಿ ಮರಿಗಳೇ ಹುಟ್ಟುತ್ತವೆ. ನೀಲಿ ಜೋಡಿಗೆ ಒಮ್ಮೊಮ್ಮೆ ಬಿಳಿ ಮರಿಯೂ ಹುಟ್ಟುವುದುಂಟು. ಮೈ ನೀಲಿ, ಹೊಟ್ಟೆ ಮಾತ್ರ ಬಿಳಿ ಇರುವ ಹಕ್ಕಿ ಕಂಡರೆ ಅದು ಸಾಮಾನ್ಯವಾಗಿ ಒಂದು ಕಡೆಯಿಂದ ನೀಲಿ, ಇನ್ನೊಂದು ಕಡೆಯಿಂದ ಬಿಳಿ ಜೀನ್ ಪಡೆದದ್ದು. ಮಿಶ್ರತಳಿ ಅಂತ ಜನ ಕೂಗುವುದು ಹೆಚ್ಚಾಗಿ ಇದನ್ನು ನೋಡಿಯೇ.

ಇನ್ನು ‘ಅಪರೂಪ’ ಅನ್ನುವ ಮಾತು. ಎಲ್ಲಿ ನೋಡಿದಿರಿ ಅಂತ ನೀವು ಬರೆದೇ ಇಲ್ಲ. ಅಮೆರಿಕದ ದಕ್ಷಿಣದ ಲೂಸಿಯಾನಾ ಕಡೆ ಚಳಿಗಾಲ ಕಳೆಯುವ ಹಿಂಡುಗಳಲ್ಲಿ ನೀಲಿ ಹಕ್ಕಿಗಳು ಧಾರಾಳ. ಕ್ಯಾಲಿಫೋರ್ನಿಯಾದಲ್ಲಿ ಒಂದು ಕಂಡರೆ ಸುದ್ದಿ. ಜಾಗ ಹೇಳದೆ ಅಪರೂಪವಾ ಅಂತ ಕೇಳಿದರೆ ನಾನೇನು ಹೇಳಲಿ?

ಬಣ್ಣ ನೋಡಿ ಕುಣಿಯುವ ಮೊದಲು ಕೊಕ್ಕು ನೋಡಿ. ಸ್ನೋ ಗೂಸ್ ಕೊಕ್ಕು ಗುಲಾಬಿ. ಅದರ ಅಂಚಿನಲ್ಲಿ ದಪ್ಪ ಕಪ್ಪು ಗೆರೆ, ಹಲ್ಲು ಕಿರಿದ ಹಾಗೆ. ಗಾತ್ರ ಚಿಕ್ಕದಿದ್ದು, ಕೊಕ್ಕು ಮೊಂಡಾಗಿದ್ದು, ಆ ಗೆರೆ ಕಾಣದಿದ್ದರೆ ಆಗ ಅದರ ಹತ್ತಿರದ ನೆಂಟ ರಾಸ್ ಗೂಸ್ ಇರಬಹುದು. ನೀಲಿ ರಾಸ್ ನಿಜಕ್ಕೂ ಬಲು ಅಪರೂಪ. ಕೊಕ್ಕು ಪಕ್ಕದಿಂದ ಕಾಣುವ ಫೋಟೋ ಇಲ್ಲದೆ ನಾನಂತೂ ಒಪ್ಪುವುದಿಲ್ಲ. ಎಂಪರರ್ ಗೂಸ್ ಅನ್ನುವ ಇನ್ನೊಂದು ಹೆಬ್ಬಾತಿಗೂ ಬಿಳಿ ತಲೆ, ಬೂದು ಮೈ ಇದೆ. ಆದರೆ ಅದರ ಗಂಟಲು ಕಪ್ಪು, ಕಾಲು ಕಿತ್ತಳೆ ಅಥವಾ ಹಳದಿ. ನೀಲಿ ಸ್ನೋ ಗೂಸ್ ಗಂಟಲು ಬಿಳಿ, ಕಾಲು ಗುಲಾಬಿ.

ಎಳೆ ಹಕ್ಕಿಯ ವಿಷಯದಲ್ಲಿ ನಾನೂ ಮೋಸ ಹೋಗಿದ್ದೇನೆ. ಬಿಳಿ ಬಗೆಯ ಮರಿಗೂ ಮೊದಲ ಚಳಿಗಾಲದಲ್ಲಿ ಬೆನ್ನು, ಕತ್ತು ಮಾಸಲು ಬೂದು. ಸಂಜೆ ಬೆಳಕಿನಲ್ಲಿ ಅಂಥದ್ದೊಂದನ್ನು ನೋಡಿ ನೋಟ್‌ಬುಕ್‌ನಲ್ಲಿ ‘ನೀಲಿ’ ಅಂತ ದಪ್ಪಕ್ಷರದಲ್ಲಿ ಬರೆದಿದ್ದೆ. ಬೆಳಿಗ್ಗೆ ನೋಡಿದರೆ ಹೊಟ್ಟೆ ಬೆಳ್ಳಗೆ, ತಲೆಯೂ ಕಡು ಬೂದಲ್ಲ! ನೀಲಿ ಬಗೆಯ ಮರಿ ಸಾಮಾನ್ಯವಾಗಿ ತಲೆಯಿಂದ ಹಿಡಿದು ಪೂರ್ತಿ ಕಡು ಬೂದು. ತಲೆ ಬಿಳಿಯಾಗುವುದು ಆಮೇಲೆ. ಅವತ್ತಿನಿಂದ ಸಂಜೆ ನೋಡಿದ್ದನ್ನು ಪೆನ್ಸಿಲ್‌ನಲ್ಲೇ ಬರೆಯುತ್ತೇನೆ.

ಪ್ರಶ್ನೆ: ಪಾರ್ಕಿನ ಕೊಳದಲ್ಲಿ ಅಚ್ಚ ಬಿಳಿ ಹೆಬ್ಬಾತು, ರೆಕ್ಕೆ ತುದಿಯೂ ಬಿಳಿ. ಆಲ್ಬಿನೋ ಅಲ್ವಾ?

ಅಲ್ಲ. ನಿಮ್ಮ ಫೋಟೋದಲ್ಲಿ ಕೊಕ್ಕು ಕಿತ್ತಳೆ, ಹಿಂಭಾಗ ಜೋತುಬಿದ್ದಿದೆ. ಯಾರೋ ಸಾಕಿದ್ದು.

ಪ್ರಶ್ನೆ: ಬಿಳಿ ಸ್ನೋ ಗೂಸ್, ಮುಖ ಮಾತ್ರ ತುಕ್ಕಿನ ಬಣ್ಣ. ಹೊಸ ಬಗೆಯಾ?

ಕೆಸರು. ಕಬ್ಬಿಣದ ಅಂಶವಿರುವ ಮಣ್ಣಿನಲ್ಲಿ ಬೇರು ಕೆದಕಿ ತಿಂದಿದೆ.

ಪ್ರಶ್ನೆ: ಹತ್ತಿರದಿಂದ ಫೋಟೋ ತೆಗೆಯಲು ಬ್ರೆಡ್ ಹಾಕಬಹುದೇ?

ಬೇಡ. ಒಂದು ಒಳ್ಳೆಯ ಲೆನ್ಸ್ ಕೊಳ್ಳಿ, ಇಲ್ಲವೇ ಸುಮ್ನೆ ಕೂತು ಕಾಯಿರಿ.