ಕಾರಿನೊಳಗೆ ಪೆಟ್ರೋಲ್ ವಾಸನೆ: ಯಾವಾಗ ಬರುತ್ತದೆ ಅಂತ ಮೊದಲು ಗಮನಿಸಿ

ಪ್ರಶ್ನೆ: ನನ್ನ ಕಾರಿಗೆ 25 ವರ್ಷ ದಾಟಿದೆ. ಕಾರ್ಬುರೇಟರ್ (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಹಳೇ ಮಾದರಿಯ ಭಾಗ) ಇರುವ ಪೆಟ್ರೋಲ್ ಗಾಡಿ. ಕೆಲವು ತಿಂಗಳಿಂದ ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಪೆಟ್ರೋಲ್ ವಾಸನೆ ಮೂಗಿಗೆ ಬಡಿಯುತ್ತದೆ. ಟ್ಯಾಂಕ್ ತುಂಬಿಸಿದ ಮಾರನೇ ದಿನವಂತೂ ಒಳಗೆ ಕೂರೋಕೇ ಆಗುವುದಿಲ್ಲ. ಅರ್ಧಕ್ಕೆ ಇಳಿದ ಮೇಲೆ ವಾಸನೆ ಇರುವುದಿಲ್ಲ. ಮೆಕ್ಯಾನಿಕ್ ಗಾಡಿ ಎತ್ತಿ ಕೆಳಗೆಲ್ಲ ನೋಡಿ, ‘ಎಲ್ಲೂ ಸೋರ್ತಿಲ್ಲ, ಹಳೇ ಗಾಡಿ ಅಂದ್ಮೇಲೆ ಇದೆಲ್ಲ ಇದ್ದದ್ದೇ’ ಅಂದರು. ಹಾಗೇ ಓಡಿಸಬಹುದಾ?

ಉತ್ತರ: ದಯವಿಟ್ಟು ಬೇಡ. ಗಾಡಿ ಎಷ್ಟೇ ಹಳೆಯದಾಗಿರಲಿ, ಒಳಗೆ ಪೆಟ್ರೋಲ್ ವಾಸನೆ ಬರಬಾರದು. ಬರುತ್ತಿದೆ ಅಂದರೆ ಎಲ್ಲೋ ಪೆಟ್ರೋಲೋ ಅದರ ಆವಿಯೋ ಹೊರಗೆ ಬರುತ್ತಿದೆ. ಮೈನಸ್ 40 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲೂ ಬೆಂಕಿ ಹತ್ತುವಷ್ಟು ಆವಿ ಬಿಡುವ ವಸ್ತು ಇದು. ಗಾಳಿಯಲ್ಲಿ ಶೇಕಡಾ ಒಂದೂವರೆಯಷ್ಟು ಬೆರೆತರೂ ಒಂದು ಕಿಡಿ ಸಾಕು. ಆವಿ ಗಾಳಿಗಿಂತ ಭಾರ. ಹಾಗಾಗಿ ಮೇಲೆ ಹೋಗದೆ ಸೀಟಿನ ಕೆಳಗೆ, ಮ್ಯಾಟ್ ಹತ್ತಿರ ನಿಂತುಬಿಡುತ್ತದೆ.

ಹುಡುಕುವ ಮೊದಲು ಗಾಡಿಯನ್ನು ಮುಚ್ಚಿದ ಜಾಗದಿಂದ ಬಯಲಿಗೆ ತನ್ನಿ, ಆದರೆ ತಳ್ಳಿಕೊಂಡೇ ತನ್ನಿ. ಎಲ್ಲ ಬಾಗಿಲು, ಡಿಕ್ಕಿ ತೆರೆದು ಗಾಳಿಯಾಡಲು ಬಿಡಿ. ಬೀಡಿ, ಸಿಗರೇಟು, ಬೆಂಕಿಕಡ್ಡಿ ಸುತ್ತಮುತ್ತ ಬೇಡವೇ ಬೇಡ. ವೈರಿಗೆ ನೇತುಹಾಕುವ ಬಿಸಿ ಬಲ್ಬೂ ಬೇಡ. ಎಲ್‌ಇಡಿ ಟಾರ್ಚನ್ನು ದೂರದಲ್ಲೇ ಆನ್ ಮಾಡಿಕೊಂಡು ಬನ್ನಿ. ಎಣ್ಣೆ ಬೆಂಕಿಗೆ ಆಗುವ ಪೌಡರ್ ಸಿಲಿಂಡರ್ ಕೈಗೆಟಕುವಂತಿರಲಿ.

ಈಗ ವಾಸನೆಯ ಮೂಲಕ್ಕೆ ಬರೋಣ. ಅದರ ಸುಳಿವು ನಿಮ್ಮ ಪತ್ರದಲ್ಲೇ ಇದೆ. ಟ್ಯಾಂಕ್ ತುಂಬಿದಾಗ ಜಾಸ್ತಿ, ಅರ್ಧಕ್ಕೆ ಇಳಿದರೆ ಇಲ್ಲ ಅಂತ ಬರೆದಿದ್ದೀರಿ, ಅಲ್ವಾ? ಕೆಳಗಿನ ಪೈಪಿನಲ್ಲಿ ಸೋರಿಕೆ ಇದ್ದರೆ ಟ್ಯಾಂಕ್ ಅರ್ಧ ಇದ್ದರೂ ಸೋರುತ್ತಿತ್ತು. ನಿಮ್ಮ ಗಾಡಿಯಲ್ಲಿ ತೊಂದರೆ ಇರುವುದು ಟ್ಯಾಂಕಿನ ಮೇಲ್ಭಾಗದಲ್ಲಿ. ಅಲ್ಲಿ ಒಸರಿದ ಪೆಟ್ರೋಲ್ ಟ್ಯಾಂಕಿನ ನೆತ್ತಿಯ ಮೇಲೇ ಹರಡಿ, ತೊಟ್ಟಿಕ್ಕುವ ಮೊದಲೇ ಆವಿಯಾಗುತ್ತದೆ. ಅದಕ್ಕೇ ಗಾಡಿ ಎತ್ತಿ ಕೆಳಗಿನಿಂದ ನೋಡಿದ ಮೆಕ್ಯಾನಿಕ್‌ಗೆ ಏನೂ ಕಾಣಲಿಲ್ಲ. ಅವರು ನೋಡಿದ್ದು ಸರಿಯಾಗೇ ಇರಬಹುದು, ಆದರೆ ‘ಇದ್ದದ್ದೇ’ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಬಹಳಷ್ಟು ಹಳೇ ಕಾರುಗಳಲ್ಲಿ ಹಿಂದಿನ ಸೀಟಿನ ಕೆಳಗೆ, ಇಲ್ಲವೇ ಡಿಕ್ಕಿಯ ಮ್ಯಾಟ್ ಕೆಳಗೆ ಒಂದು ತಗಡಿನ ಮುಚ್ಚಳ ಇರುತ್ತದೆ. ಅದರಡಿ ಪೆಟ್ರೋಲ್ ಮಟ್ಟ ತೋರಿಸುವ ಫ್ಲೋಟ್ ಯೂನಿಟ್ ಕೂತಿರುತ್ತದೆ. ಸ್ಕ್ರೂ ಬಿಚ್ಚಿ ಮುಚ್ಚಳ ಎತ್ತಿ, ಏನನ್ನೂ ಮುಟ್ಟದೆ ಬರೀ ಧೂಳನ್ನು ನೋಡಿ. ಒಣ ಧೂಳು ಒಂದೇ ಸಮನೆ ಕೂತಿದ್ದರೆ ಅಲ್ಲಿ ತೊಂದರೆ ಇಲ್ಲ. ಯೂನಿಟ್ಟಿನ ಸುತ್ತ ಧೂಳು ಕಪ್ಪಗೆ ಒದ್ದೆಯಾಗಿದ್ದರೆ, ಅಥವಾ ತೊಳೆದಂತೆ ಒಂದು ಪಟ್ಟಿ ಮಾತ್ರ ಚೊಕ್ಕಟವಾಗಿದ್ದರೆ, ಅಥವಾ ಕಂದು ಬಣ್ಣದ ಅಂಟು ಒಣಗಿ ಕೂತಿದ್ದರೆ, ಪೆಟ್ರೋಲ್ ಬರುತ್ತಿರುವುದು ಅಲ್ಲಿಂದಲೇ. ಒಳಗಿನ ರಬ್ಬರ್ ರಿಂಗ್ ವರ್ಷಗಟ್ಟಲೆ ಅದುಮಿಸಿಕೊಂಡು ಚಪ್ಪಟೆಯಾಗಿ, ಗಟ್ಟಿಯಾಗಿರುತ್ತದೆ. ಹೊಸದನ್ನೇ ಹಾಕಿಸಿ. ಸಾಮಾನ್ಯ ಸಿಲಿಕೋನ್ ಪೇಸ್ಟ್ ಬಳಿದು ಮುಚ್ಚಲು ಬಿಡಬೇಡಿ, ಪೆಟ್ರೋಲಿಗೆ ಅದು ನಿಲ್ಲುವುದಿಲ್ಲ.

ಅಲ್ಲಿ ಏನೂ ಕಾಣದಿದ್ದರೆ ಟ್ಯಾಂಕ್ ತುಂಬಿಸುವ ಬಾಯಿಂದ ಟ್ಯಾಂಕಿಗೆ ಹೋಗುವ ದಪ್ಪ ರಬ್ಬರ್ ಹೋಸ್ ನೋಡಿ. ಕೆಲವು ಗಾಡಿಗಳಲ್ಲಿ ಡಿಕ್ಕಿಯ ಪಕ್ಕದ ಹೊದಿಕೆ ತೆಗೆದರೆ ಅದು ಕಾಣುತ್ತದೆ. ಸುಮ್ನೆ ನೋಡಿದರೆ ಚೆನ್ನಾಗೇ ಇದೆ ಅನಿಸುತ್ತದೆ. ಕೈಯಿಂದ ಸ್ವಲ್ಪ ಬಗ್ಗಿಸಿ, ಆಗ ಕ್ಲಾಂಪ್ ಹತ್ತಿರದ ಬಿರುಕುಗಳು ಬಾಯಿಬಿಡುತ್ತವೆ. ಅದರ ಪಕ್ಕದಲ್ಲೇ ಗಾಳಿ ಹೋಗುವ ಸಣ್ಣ ಪೈಪೂ ಇರುತ್ತದೆ. ಅದನ್ನು ಎಷ್ಟೋ ಜನ ಮರೆಯುತ್ತಾರೆ. ಈ ಹಳೇ ಹೋಸ್, ಪೈಪುಗಳ ರಬ್ಬರ್ ಈಗಿನ ಎಥೆನಾಲ್ ಬೆರೆಸಿದ ಪೆಟ್ರೋಲಿಗೆಂದು ಮಾಡಿದ್ದಲ್ಲ. ಹಾಗಾಗಿ ಒಂದು ಹೋಸ್ ಬಿರುಕು ಬಿಟ್ಟಿದ್ದರೆ ಅದೇ ವಯಸ್ಸಿನ ಉಳಿದವನ್ನೂ ಬದಲಾಯಿಸಿ. ಪೆಟ್ರೋಲಿಗೆಂದೇ ಮಾಡಿದ ಹೋಸ್ ಕೇಳಿ ತನ್ನಿ. ನಿಮ್ಮದು ಕಾರ್ಬುರೇಟರ್ ಗಾಡಿ, ಪೈಪಿನಲ್ಲಿ ಒತ್ತಡ ಸುಮಾರು 0.3 ಬಾರ್ ಅಷ್ಟೇ. ಪೆಟ್ರೋಲನ್ನು ಒತ್ತಡದಿಂದ ಸಿಂಪಡಿಸುವ ಇಂಜೆಕ್ಷನ್ ಗಾಡಿಯಲ್ಲಿ ಅದು ಸಾಮಾನ್ಯವಾಗಿ 3 ಬಾರ್ ಆಸುಪಾಸು. ಅದಕ್ಕೆ ಕಾರ್ಬುರೇಟರ್ ಹೋಸ್ ಹಾಕಿದರೆ ಅಪಾಯ.

ಟ್ಯಾಂಕ್ ಮುಚ್ಚಳದ ವಾಶರನ್ನೂ ನೋಡಿಬಿಡಿ. ಪೆಟ್ರೋಲ್ ಹಾಕುವಾಗ ಪಂಪ್ ತಾನೇ ನಿಂತ ಮೇಲೆ ‘ಇನ್ನೊಂದ್ ಸ್ವಲ್ಪ’ ಅಂತ ಹಾಕಿಸುವುದನ್ನು ನಿಲ್ಲಿಸಿ. ಆವಿ ಹಿಡಿಯುವ ಇದ್ದಿಲ ಡಬ್ಬಿ ಇರುವ ಗಾಡಿಗಳಲ್ಲಿ ಅದು ಪೆಟ್ರೋಲಿನಿಂದ ನೆನೆದು ಕೆಡುವುದೂ ಹೀಗೇ.

ಇನ್ನೊಂದು ಮಾತು. ಸೋರಿಕೆ ನಿಲ್ಲಿಸಿದರೆ ಸಾಲದು, ಆವಿ ಒಳಗೆ ಬಂದ ದಾರಿಯನ್ನೂ ಮುಚ್ಚಬೇಕು. ವೈರ್, ಪೈಪ್ ತೂರುವ ಕಡೆ ಇರುವ ರಬ್ಬರ್ ಬಿರಡೆಗಳು, ಆ ತಗಡಿನ ಮುಚ್ಚಳದ ಅಂಚಿನ ಗ್ಯಾಸ್ಕೆಟ್, ಎಲ್ಲ ಹೊಸದಾಗಲಿ.

ಬೇರೆ ಹೊತ್ತಿನಲ್ಲಿ ವಾಸನೆ ಬರುವವರಿಗೂ ಎರಡು ಮಾತು. ಬ್ಲೋವರ್ ಹಾಕಿದಾಗ ಬಂದರೆ ಬಾನೆಟ್ ಕೆಳಗೆ ಹುಡುಕಿ, ಏಕೆಂದರೆ ಮುಂದಿನ ಗಾಜಿನ ಬುಡದಿಂದಲೇ ಒಳಗೆ ಗಾಳಿ ಬರುತ್ತದೆ. ಬಿಸಿ ಎಂಜಿನ್ ಆಫ್ ಮಾಡಿದ ಸ್ವಲ್ಪ ಹೊತ್ತಿಗೆ ಬಂದರೆ, ಕಾರ್ಬುರೇಟರಿನ ಫ್ಲೋಟ್ ವಾಲ್ವ್ ಸರಿಯಾಗಿ ಮುಚ್ಚದೆ ಪೆಟ್ರೋಲ್ ಉಕ್ಕುತ್ತಿರಬಹುದು. ಆಯಿಲ್ ಡಿಪ್‌ಸ್ಟಿಕ್ ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದು ಆಯಿಲ್ ಮಟ್ಟವೂ ಏರಿದ್ದರೆ, ಎಂಜಿನ್ನಿಗೆ ಕೂತ ಹಳೇ ಮಾದರಿಯ ಪೆಟ್ರೋಲ್ ಪಂಪಿನ ಡಯಾಫ್ರಂ (ಒಳಗಿನ ತೆಳು ಪರದೆ) ಹರಿದಿರುವ ಸಾಧ್ಯತೆ ಹೆಚ್ಚು. ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಲೇಬೇಡಿ. ಓಡುವಾಗ ಮಾತ್ರ, ಅದೂ ಹಿಂದಿನಿಂದ ಬಂದರೆ, ಡಿಕ್ಕಿ ಬಾಗಿಲಿನ ರಬ್ಬರ್ ಹೋಗಿ ಸೈಲೆನ್ಸರ್ ಹೊಗೆ ಒಳಗೆ ಎಳೆಯುತ್ತಿರಬಹುದು. ಆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ, ಅದೇ ಹೆದರಬೇಕಾದ್ದು.

ಹುಡುಕುವಾಗ ಮೂಗನ್ನು ತುಂಬ ನಂಬಬೇಡಿ. ಕೆಲವೇ ನಿಮಿಷದಲ್ಲಿ ಅದು ವಾಸನೆಗೆ ಒಗ್ಗಿ ‘ಈಗ ಇಲ್ಲ’ ಅನ್ನುತ್ತದೆ. ಒಂದು ಜಾಗ ನೋಡಿ, ಹೊರಗೆ ಬಂದು ಗಾಳಿ ತೆಗೆದುಕೊಂಡು, ಆಮೇಲೆ ಮುಂದಿನದನ್ನು ನೋಡಿ. ಸೆಂಟು ಸಿಂಪಡಿಸಿ ವಾಸನೆ ಮುಚ್ಚುವುದಂತೂ ಬೇಡವೇ ಬೇಡ. ಸೋರುತ್ತಿದೆ ಅಂತ ನಿಮಗೆ ಹೇಳುತ್ತಿರುವುದೇ ಆ ವಾಸನೆ.

ಇಷ್ಟಾದರೂ ಸಿಗದಿದ್ದರೆ ಟ್ಯಾಂಕ್ ಇಳಿಸಬೇಕಾಗುತ್ತದೆ. ಅದು ಗ್ಯಾರೇಜಿನ ಕೆಲಸ, ನೀವು ಕೈ ಹಾಕಬೇಡಿ. ಖಾಲಿ ಟ್ಯಾಂಕ್ ಒಳಗೆ ಆವಿ ತುಂಬಿರುತ್ತದೆ, ತುಂಬಿದ ಟ್ಯಾಂಕಿಗಿಂತ ಅದೇ ಅಪಾಯ. ಟ್ಯಾಂಕ್ ಅರ್ಧ ಇಳಿದು ವಾಸನೆ ಇಲ್ಲದ ದಿನ ಗಾಡಿ ಒಯ್ಯಿರಿ, ಕಿಟಕಿ ತೆರೆದಿರಲಿ. ‘ವಾಸನೆ ಬರ್ತಿದೆ’ ಅಂತಷ್ಟೇ ಹೇಳಬೇಡಿ. ‘ಟ್ಯಾಂಕ್ ತುಂಬಿಸಿದ ಮಾರನೇ ಬೆಳಗ್ಗೆ ಬರುತ್ತೆ, ಮೇಲಿನಿಂದ ನೋಡಿ’ ಅನ್ನಿ. ಕಡಿಮೆ ಒತ್ತಡದಲ್ಲಿ ಹೊಗೆ ಬಿಟ್ಟು ಸೋರಿಕೆ ಹುಡುಕುವ ಯಂತ್ರ ಅವರಲ್ಲಿದ್ದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ನನ್ನದು ಹಳೇ ಡೀಸೆಲ್ ವ್ಯಾನ್. ಬ್ಲೋವರ್ ಹಾಕಿದರೆ ಡೀಸೆಲ್ ವಾಸನೆ. ಇದಕ್ಕೂ ಅದೇ ಉತ್ತರವಾ?

ಉತ್ತರ: ಪೂರ್ತಿ ಅದೇ ಅಲ್ಲ. ಡೀಸೆಲ್ ಬೇಗ ಆವಿಯಾಗುವುದಿಲ್ಲ, ಸೋರಿದ ಕಡೆ ಎಣ್ಣೆ ಪಸೆ ಉಳಿಯುತ್ತದೆ. ಎಂಜಿನ್ ತಣ್ಣಗಾದ ಮೇಲೆ ಅದರ ಹೊರಮೈಯನ್ನೆಲ್ಲ ಒರೆಸಿ, ಸ್ವಲ್ಪ ಓಡಿಸಿ, ಆಫ್ ಮಾಡಿ ನೋಡಿ. ಹೆಚ್ಚಾಗಿ ಸಿಗುವುದು ಇಂಜೆಕ್ಟರುಗಳ ನಡುವೆ ಉಳಿಕೆ ಡೀಸೆಲ್ ವಾಪಸು ಒಯ್ಯುವ ಸಣ್ಣ ಪೈಪುಗಳಲ್ಲಿ, ಇಲ್ಲವೇ ಫಿಲ್ಟರ್ ಹತ್ತಿರ. ಎಂಜಿನ್ ಓಡುತ್ತಿರುವಾಗ ಪೈಪುಗಳ ಮೇಲೆ ಕೈಯಾಡಿಸಿ ಸೋರಿಕೆ ಹುಡುಕಬೇಡಿ. ಇಂಜೆಕ್ಟರ್ ಪೈಪಿನ ಒತ್ತಡಕ್ಕೆ ಕಣ್ಣಿಗೆ ಕಾಣದ ಸಣ್ಣ ತೂತಿನಿಂದ ಹಾರುವ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಗಾಯ ಅದು.