ಪ್ರತಿಕ್ರಿಯೆ: ಲೈನರ್ ತಣಿಯಲು ಅಷ್ಟು ಹೊತ್ತು ಏಕೆ?

ಹಳೆಯ ಚರಂಡಿ ಕೊಳವೆಯನ್ನು ಅಗೆಯದೆ ದುರಸ್ತಿ ಮಾಡಲು ಅದರೊಳಗೆ ಹೊಸ ಒಳಪದರವಾಗಿ ಕೂರಿಸುವ ಲೈನರ್ ಬಿಸಿನೀರಿನಿಂದ ಗಟ್ಟಿಯಾದ ಮೇಲೂ ಗುತ್ತಿಗೆದಾರರು ನೀರನ್ನು ಹೊರಬಿಡದೆ ಗಂಟೆಗಟ್ಟಲೆ ಕಾಯುವುದು ಕಾಲಹರಣವಲ್ಲವೇ ಎಂದು ತಾವು ಕೇಳಿದ್ದೀರಿ. ಖಂಡಿತ ಅಲ್ಲ, ನನ್ನ ದೃಷ್ಟಿಯಲ್ಲಿ ಇಡೀ ಕೆಲಸದಲ್ಲಿ ಅವಸರ ಮಾಡಲೇಬಾರದ ಹಂತ ಇದೇ.

ರಾಳದಲ್ಲಿ ನೆನೆಸಿದ ಫೆಲ್ಟ್ ಚೀಲವನ್ನು ನೀರಿನ ಒತ್ತಡದಿಂದ ಒಳಹೊರಗಾಗಿ ಮಗುಚುತ್ತ ಹಳೆಯ ಕೊಳವೆಯೊಳಗೆ ಕಳಿಸಿ, ಅದೇ ನೀರನ್ನು ಬಾಯ್ಲರಿನ ಮೂಲಕ ಸುತ್ತಿಸಿ ಕಾಯಿಸಿದಾಗ, ಪಾಲಿಯೆಸ್ಟರ್ ರಾಳವು ತಾನೂ ಶಾಖವನ್ನು ಬಿಡುತ್ತ ಗಟ್ಟಿಯಾಗುತ್ತದೆ. ಆದರೆ ಬಿಸಿಯಿರುವಷ್ಟು ಹೊತ್ತು ಅದು ತನ್ನ ಪೂರ್ಣ ಬಿಗಿತವನ್ನು ಪಡೆದಿರುವುದಿಲ್ಲ. ಆಗಲೇ ನೀರನ್ನು ಬಿಟ್ಟರೆ ಒಳಗಿನ ಒತ್ತಡ ಇಳಿದು, ಲೈನರ್ ಒಮ್ಮೆಲೇ ತಣಿದು ಕುಗ್ಗಿ, ಹಳೆಯ ಗೋಡೆಯಿಂದ ಬಿಟ್ಟುಕೊಳ್ಳಬಹುದು ಅಥವಾ ಬಿರುಕು ಬಿಡಬಹುದು. ಲೈನರ್ ತಣಿಯುವಾಗ ಉದ್ದದಲ್ಲೂ ಕುಗ್ಗುತ್ತದೆ. ಆದ್ದರಿಂದ ಲೈನರಿನಿಂದ ಮುಚ್ಚಿಹೋದ ಮನೆ ಸಂಪರ್ಕದ ಬಾಯಿಯನ್ನು ತಣಿಯುವ ಮೊದಲೇ ರೋಬಾಟ್ ಕಟ್ಟರಿನಿಂದ ಕೊರೆದರೆ, ಆ ರಂಧ್ರವು ಆಮೇಲೆ ಪಕ್ಕಕ್ಕೆ ಸರಿದು, ಸಂಪರ್ಕ ಕೊಳವೆಯ ಅಂಚಿನಲ್ಲಿ ಅರ್ಧಚಂದ್ರದಂತೆ ಲೈನರಿನ ತುಣುಕು ಅಡ್ಡ ನಿಂತು ಕಸವನ್ನು ಹಿಡಿಯುತ್ತದೆ.

ಇಂಥ ಲೈನರ್ ಕೆಲಸಕ್ಕೆ ಅಮೆರಿಕದ ಮಾನದಂಡ ಸಂಸ್ಥೆ ಎಎಸ್‌ಟಿಎಂ ರೂಪಿಸಿದ ಎಫ್1216 ಮಾನದಂಡದ ಪ್ರಕಾರ, ಬಿಸಿನೀರಿನ ವಿಧಾನದಲ್ಲಿ 38 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ, ಹಬೆಯ ವಿಧಾನದಲ್ಲಾದರೆ 45ಕ್ಕಿಂತ ಕೆಳಗೆ ತಣಿದ ಮೇಲೆಯೇ ಒತ್ತಡವನ್ನು ಇಳಿಸಬೇಕು.

ತಾವು ಗಡಿಯಾರವನ್ನು ನೋಡುವುದಕ್ಕಿಂತ ತಾಪಮಾನದ ದಾಖಲೆಯನ್ನು ಕೇಳಿ ಪಡೆಯಿರಿ. ಬಾಯ್ಲರಿಗೆ ಮರಳುವ ನೀರಿನ ಅಂಕಿಯೊಂದೇ ಸಾಲದು. ಲೈನರಿಗೂ ಹಳೆಯ ಕೊಳವೆಗೂ ನಡುವೆ, ಅದರಲ್ಲೂ ತಳದಲ್ಲಿ ಇಟ್ಟ ಸಂವೇದಕದ ಅಂಕಿ ಮುಖ್ಯ, ಏಕೆಂದರೆ ಅಂತರ್ಜಲವು ಶಾಖವನ್ನು ಎಳೆದುಕೊಂಡು ರಾಳ ಹಸಿಯಾಗಿಯೇ ಉಳಿಯುವ ಜಾಗ ಸಾಮಾನ್ಯವಾಗಿ ಅದೇ. ಹೊರಬಿಡುವ ನೀರಿನಲ್ಲಿ ರಾಳದಿಂದ ಬಂದ ಸ್ಟೈರೀನ್ ಎಂಬ ಹಾನಿಕಾರಕ ರಾಸಾಯನಿಕ ಇರಬಹುದಾದ್ದರಿಂದ ಅದನ್ನು ಮಳೆನೀರಿನ ಚರಂಡಿಗೆ ಬಿಡಲು ಒಪ್ಪಲೇಬೇಡಿ.