ಮಳೆಗಾಲದ ಡಿಸ್ಕೌಂಟು, ಮಗನ ಹಾಕಿ ಸ್ಟಿಕ್ಕು

ಪ್ರಶ್ನೆ: ನಮಸ್ತೆ ಸಾರ್. ನಮ್ಮ ಮಗನಿಗೆ ಹತ್ತು ವರ್ಷ, ನಾಲ್ಕೂವರೆ ಅಡಿ ಇದಾನೆ. ಈ ಸಲ ಕೊಡವ ಕೌಟುಂಬಿಕ ಹಾಕಿಯಲ್ಲಿ ದೊಡ್ಡೋರ ಜೊತೆ ಐದು ನಿಮಿಷ ಆಡಿ ಬಂದಿದ್ದೇ ಬಂದಿದ್ದು, ಮನೆಯಲ್ಲಿ ಬೇರೆ ಮಾತೇ ಇಲ್ಲ. ಈಗ ಮಳೆ, ಗ್ರೌಂಡೆಲ್ಲ ಕೆಸರು. ಅಂಗಡಿಯಲ್ಲಿ ಡಿಸ್ಕೌಂಟ್ ಇದೆ, ಮುಂದಿನ ಏಪ್ರಿಲ್‌ಗೆ ಅಂತ ಈಗ್ಲೇ ಫುಲ್ ಸೆಟ್ ತಗೊಂಡ್ಬಿಡೋಣ, ಹೇಗೂ ಬೆಳೀತಾನೆ, ಸ್ಟಿಕ್ಕು 36 ಇಂಚಿಂದೇ ಇರ್ಲಿ ಅಂತಾರೆ ನಮ್ಮ ಯಜಮಾನ್ರು. ಸರಿನಾ?
(ಓದುಗರು, ವಿರಾಜಪೇಟೆ)

ಉತ್ತರ: ಅರ್ಧ ಸರಿ ಅಮ್ಮ. ಈಗ ತಗೊಳ್ಳೋದು ಒಳ್ಳೇದೇ, ಆದ್ರೆ ಫುಲ್ ಸೆಟ್ ಬೇಡ, 36 ಅಂತೂ ಬೇಡ್ವೇ ಬೇಡ. ಸ್ಕೂಲ್ ಯೂನಿಫಾರ್ಮ್ ಒಂದು ಸೈಜ್ ದೊಡ್ಡದು ಹೊಲಿಸಿ ಮಡಚಿ ಹಾಕೋ ಹಾಗೆ ಸ್ಟಿಕ್ಕನ್ನ ಮಡಚಕ್ಕಾಗಲ್ಲ ನೋಡಿ. ಉದ್ದ ಸ್ಟಿಕ್ಕು ಕೊಟ್ರೆ ಹುಡುಗ ಬಗ್ಗೋದನ್ನೇ ಬಿಟ್ಟು ನೆಟ್ಟಗೆ ನಿಂತು ಆಡಕ್ಕೆ ಶುರು ಮಾಡ್ತಾನೆ, ಇಲ್ಲಾಂದ್ರೆ ಹಿಡಿಯ ಕೆಳಗೆ ಹಿಡ್ಕೊಂಡು ಮೇಲಿನ ತುದಿ ಹೊಟ್ಟೆಗೆ ಚುಚ್ಚಿಸ್ಕೋತಾನೆ, ಆ ಅಭ್ಯಾಸ ಆಮೇಲೆ ಯಾವ ಕೋಚ್ ಬಂದ್ರೂ ಬೇಗ ಬಿಡಿಸಕ್ಕಾಗಲ್ಲ. ಶೂ ಹಾಕ್ಕೊಂಡು ನೆಟ್ಟಗೆ ನಿಲ್ಸಿ, ಸ್ಟಿಕ್ಕನ್ನ ಕಾಲಿನ ಪಕ್ಕ ನೆಲದ ಮೇಲೆ ಊರಿ, ತುದಿ ಸೊಂಟದ ಮೂಳೆ ಹತ್ರ ಬಂದ್ರೆ ಅದೇ ಅಳತೆ. ನಿಮ್ಮ ಮಗನ ಎತ್ತರಕ್ಕೆ 33 ಅಥವಾ 34 ಇಂಚು ಆಗುತ್ತೆ. ಬೆಳೆಯೋ ಲೆಕ್ಕ ಹಾಕಲೇಬೇಕು ಅಂದ್ರೆ 34 ತಗೊಳ್ಳಿ, ಅದಕ್ಕಿಂತ ಮೇಲೆ ಹೋಗ್ಬೇಡಿ.

ಸ್ಟಿಕ್ಕು ಈಗ್ಲೇ ತಗೊಳ್ಳಿ ಅಂತ ಯಾಕೆ ಹೇಳ್ತೀನಿ ಅಂದ್ರೆ ಡಿಸ್ಕೌಂಟಿಗಲ್ಲ. ಮಳೆಗಾಲದಲ್ಲಿ ಗ್ರೌಂಡ್ ಇಲ್ದಿದ್ರೂ ಕಣ ಇದೆ, ಶೆಡ್ ಇದೆ, ಜಗಲಿ ಇದೆ, ಅಲ್ಲಿ ಟೆನ್ನಿಸ್ ಬಾಲ್ ಇಟ್ಕೊಂಡು ಬರೀ ಡ್ರಿಬ್ಲಿಂಗ್ ಮಾಡ್ಲಿ, ನಾಲ್ಕು ತಿಂಗಳಲ್ಲಿ ಕೈ ಕೂತ್ಕೊಳ್ಳುತ್ತೆ. ಆ ಕೆಲ್ಸಕ್ಕೆ ಮರದ ಸ್ಟಿಕ್ಕೇ ಸಾಕು. ಕಾಂಪೋಸಿಟ್ (ಮರದ ಬದಲು ಫೈಬರ್‌ಗ್ಲಾಸ್, ಕಾರ್ಬನ್ ಸೇರಿಸಿ ಮಾಡಿದ್ದು) ಬೇಕೇ ಬೇಕು ಅಂತ ಹಠ ಮಾಡಿದ್ರೆ ಫೈಬರ್‌ಗ್ಲಾಸ್ ಜಾಸ್ತಿ, ಕಾರ್ಬನ್ ಕಮ್ಮಿ ಇರೋದು ನೋಡಿ. ಕಾರ್ಬನ್ ಜಾಸ್ತಿ ಆದಷ್ಟೂ ಸ್ಟಿಕ್ಕು ಗಟ್ಟಿ, ದೊಡ್ಡೋರ ಹೊಡೆತಕ್ಕೆ ಪವರ್ ಸಿಗುತ್ತೆ ನಿಜ, ಆದ್ರೆ ಚಿಕ್ಕ ಮಕ್ಕಳು ಬಾಲ್ ನಿಲ್ಸಕ್ಕೆ ಹೋದ್ರೆ ಪುಟಿದು ಆಚೆ ಹೋಗುತ್ತೆ, ಜೊತೆಗೆ ಅಂಗೈ ಜುಮ್ ಅನ್ನುತ್ತೆ. ಅಂಗಡಿಯವ್ರು ಲೋ ಬೋ ತೋರಿಸ್ತಾರೆ, ಮಾರೋದು ಅವ್ರ ಕೆಲ್ಸ. ಸ್ಟಿಕ್ಕಿನ ಉದ್ದಕ್ಕೆ ಇರೋ ಬಾಗು ನಿಯಮದ ಪ್ರಕಾರ 25 ಮಿಲಿಮೀಟರ್ ಮೀರೋ ಹಾಗಿಲ್ಲ, ಆ ಬಾಗು ಕೆಳಗಡೆ ಇದ್ರೆ ಅದೇ ಲೋ ಬೋ, ಅದು ಡ್ರ್ಯಾಗ್ ಫ್ಲಿಕ್ (ಬಾಲನ್ನ ಸ್ಟಿಕ್ಕಲ್ಲೇ ಎಳೆದು ಗೋಲಿಗೆ ಚಿಮ್ಮಿಸೋದು) ಮಾಡೋರಿಗೆ. ಹತ್ತು ವರ್ಷದೋನು ಅದ್ರಲ್ಲಿ ಹಿಟ್ ಹೊಡೆದ್ರೆ ಬಾಲ್ ಗಾಳಿಗೆ ಎದ್ದು ಯಾರ ಮಂಡಿಗೆ ಬೀಳುತ್ತೋ ಹೇಳಕ್ಕಾಗಲ್ಲ. ಜಲಂಧರ್‌ನಲ್ಲಿ ತಯಾರಾದ ಮಾಮೂಲಿ ಜೂನಿಯರ್ ಸ್ಟಿಕ್ಕು, ಬಾಗು ಕಮ್ಮಿ, ಹಗುರ, ಅಷ್ಟು ನೋಡಿದ್ರೆ ಸಾಕು.

ದುಡ್ಡು ಹಾಕೋದಾದ್ರೆ ಶಿನ್ ಗಾರ್ಡಿಗೆ, ಅಂದ್ರೆ ಮಂಡಿಯ ಕೆಳಗೆ ಕಾಲಿನ ಮುಂಭಾಗಕ್ಕೆ ಕಟ್ಟೋ ಕವಚಕ್ಕೆ, ಹಾಕಿ. 1997ರಲ್ಲಿ ಕೊಡಗಿನ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು 60 ಕುಟುಂಬದ ತಂಡ ಸೇರಿಸಿ ಶುರು ಮಾಡಿದ ಆಟ ಈ ಕೌಟುಂಬಿಕ ಹಾಕಿ, ಅಜ್ಜಿ, ಅಪ್ಪ, ಮೊಮ್ಮಗ ಎಲ್ಲಾ ಒಂದೇ ಟೀಮಲ್ಲಿ ಆಡೋದೇ ಅದರ ಚಂದ. ಆದ್ರೆ ಹಾಕಿ ಬಾಲ್ 156ರಿಂದ 163 ಗ್ರಾಂ, ಗಟ್ಟಿ, ಎದುರಿಂದ ಹೊಡೆಯೋನು ಸ್ಟೇಟ್ ಆಡಿರೋ ಮೂವತ್ತು ವರ್ಷದೋನೂ ಆಗಿರಬೋದು. ಅವನೇನೋ ಹುಡುಗನ್ನ ನೋಡಿ ಮೆಲ್ಲಗೆ ಹೊಡೀತಾನೆ, ಡಿಫ್ಲೆಕ್ಟ್ ಆದ ಬಾಲ್ ನೋಡುತ್ತಾ? ಶಿನ್ ಗಾರ್ಡ್ ಕಣಕಾಲಿನ ಗಂಟೂ ಮುಚ್ಚೋ ಹಾಗಿರ್ಲಿ, ಫುಟ್‌ಬಾಲಿನ ತೆಳು ತಗಡು ಬೇಡ.

ಶೂ ಮಾತ್ರ ಈಗ ತಗೋಬೇಡಿ. ಈ ವಯಸ್ಸಲ್ಲಿ ಕಾಲು ಎಷ್ಟು ಬೇಗ ಬೆಳೆಯುತ್ತೆ ನಿಮಗೇ ಗೊತ್ತು, ಮಾರ್ಚ್ ಹೊತ್ತಿಗೆ ಬಿಗಿ ಆಗುತ್ತೆ. ಮೌತ್ ಗಾರ್ಡೂ ಅಷ್ಟೇ, ಬಿಸಿನೀರಲ್ಲಿ ಅದ್ದಿ ಹಲ್ಲಿಗೆ ಕಚ್ಚಿಸಿ ಅಚ್ಚು ಮಾಡೋದು ತಾನೇ, ಹಾಲುಹಲ್ಲು ಬೀಳ್ತಿರೋವಾಗ ಈಗಿನ ಅಚ್ಚು ಆಮೇಲೆ ಕೂರಲ್ಲ. ಆಟ ಶುರುವಾಗೋ ವಾರ ತಗೊಂಡ್ರಾಯ್ತು, ಆದ್ರೆ ತಪ್ಪಿಸ್ಬೇಡಿ.

ಇನ್ನೊಂದು, ಮರದ ಸ್ಟಿಕ್ಕನ್ನ ಒದ್ದೆ ಆಯ್ತು ಅಂತ ಒಲೆ ಹತ್ರ ಇಟ್ಬಿಟ್ರೆ ಸೀಳು ಬಿಡುತ್ತೆ. ಬಟ್ಟೆಯಲ್ಲಿ ಒರೆಸಿ ಗಾಳಿಯಾಡೋ ಕಡೆ ನೇತು ಹಾಕಿ.

ಪ್ರಶ್ನೆ: ಮಗಳು ಎಡಚಿ. ಎಡಗೈಯೋರ ಹಾಕಿ ಸ್ಟಿಕ್ಕು ಬೆಂಗಳೂರಲ್ಲಿ ಎಲ್ಲಿ ಸಿಗುತ್ತೆ?
(ಓದುಗರು, ಬೆಂಗಳೂರು)

ಉತ್ತರ: ಹುಡುಕೋದು ಬಿಡಿ ಸಾರ್. ಹಾಕಿಯಲ್ಲಿ ಬಾಲ್ ಆಡೋ ಚಪ್ಪಟೆ ಮುಖ ಎಡಗಡೇನೇ ಇರ್ಬೇಕು ಅಂತ ನಿಯಮ, ಎಲ್ರಿಗೂ ಒಂದೇ ಸ್ಟಿಕ್ಕು. ಎಲ್ಲಾದ್ರೂ ಉಲ್ಟಾ ಸ್ಟಿಕ್ಕು ಸಿಕ್ಕಿ ತಗೊಂಡ್ರೂ ಮ್ಯಾಚ್‌ನಲ್ಲಿ ಅಂಪೈರ್ ಬಿಡಲ್ಲ. ಬೇಜಾರೇನೂ ಬೇಡ, ಸ್ಟಿಕ್ಕಿನ ಮೇಲ್ತುದಿ ಹಿಡಿದು ತಿರುಗಿಸೋ ಕೈ ಎಡಗೈನೇ, ಡ್ರಿಬ್ಲಿಂಗ್‌ನಲ್ಲಿ ಮುಕ್ಕಾಲು ಕೆಲ್ಸ ಅದ್ರದ್ದು, ಉಳಿದ ಮಕ್ಕಳು ಕಷ್ಟಪಟ್ಟು ಕಲಿಯೋದು ನಿಮ್ಮ ಮಗಳಿಗೆ ಸುಲಭ ಆಗ್ಬೋದು.

ಪ್ರಶ್ನೆ: ಸಾರ್ ನಾನು ಎಂಟನೇ ಕ್ಲಾಸು, ಗೋಲ್‌ಕೀಪರ್ ಆಗ್ಬೇಕು. ಸೀನಿಯರ್ ಒಬ್ರು ಹಳೇ ಕಿಟ್ ಕಮ್ಮಿ ರೇಟಿಗೆ ಕೊಡ್ತೀನಿ ಅಂತಾರೆ. ತಗೋಬೋದಾ?
(ಓದುಗ, ಗದಗ)

ಉತ್ತರ: ತಗೋ ಮರಿ, ಆದ್ರೆ ಹಾಕ್ಕೊಂಡು ನೋಡಿ ತಗೋ. ಪ್ಯಾಡ್ ಕಟ್ಕೊಂಡು ಕೂತು ಏಳು, ಮಂಡಿ ಮಡಚೋ ಜಾಗ ನಿನ್ನ ಮಂಡಿಗೇ ಸರಿಯಾಗಿ ಬರ್ಬೇಕು. ಮೇಲೆ ಕೆಳಗೆ ಆದ್ರೆ ಓಡಕ್ಕಾಗಲ್ಲ. ಫೋಮ್ ಒತ್ತಿ ನೋಡು, ಒತ್ತಿದ್ದು ತಗ್ಗಾಗೇ ಉಳಿದ್ರೆ ಅದ್ರ ಆಯಸ್ಸು ಮುಗೀತು. ಕಿಕ್ಕರ್‌ನ (ಶೂ ಮೇಲೆ ಕಟ್ಕೊಳ್ಳೋ ಕವಚ) ಪಟ್ಟಿ ಹರಿದಿದ್ರೆ ಚಪ್ಪಲಿ ಹೊಲಿಯೋರ ಹತ್ರ ಹಾಕಿಸ್ಬೋದು, ಅದೇನು ದೊಡ್ಡದಲ್ಲ. ಹೆಲ್ಮೆಟ್ ಮತ್ತೆ ಅಬ್ಡಾಮಿನಲ್ ಗಾರ್ಡ್ ಮಾತ್ರ ಹಳೇದು ಬೇಡ, ಮನೆಯಲ್ಲಿ ಕೇಳಿ ಹೊಸದೇ ತಗೋ, ಕುತ್ತಿಗೆ ಗಾರ್ಡೂ ಸೇರಿಸಿ. ಅಷ್ಟು ದುಡ್ಡು ಈಗ ಆಗಲ್ಲ ಅಂದ್ರೆ ಸ್ಕೂಲಲ್ಲಿ ಟೀಮಿನ ಕಿಟ್ ಇದೆಯಾ ಅಂತ ಪಿಇಟಿ ಮೇಷ್ಟ್ರನ್ನ ಕೇಳು, ಸೀಸನ್ ಇಲ್ದಿರೋವಾಗ ಅದು ರೂಮಲ್ಲಿ ಸುಮ್ನೆ ಬಿದ್ದಿರುತ್ತೆ.